ಉಲ್ಟಾ ಲೆನ್ಸಿನ ಷಡ್ಡಕರು

ನಮ್ಮ ಷಡ್ಡಕರಿಗೆ ಮನುಷ್ಯರು ಕಾಣಿಸುವುದಿಲ್ಲ. ಹಾಗೆಂದ ಮಾತ್ರಕ್ಕೆ ಅವರ ಕಣ್ಣು ಹೋಗಿವೆ ಎಂದು ತಿಳಿಯಬೇಡಿ. ನೊಣದ ಕಾಲಿನ ಕೂದಲು ಅವರಿಗೆ ಕಾಣುತ್ತದೆ. ಇರುವೆ ಸಿಟ್ಟಿನಲ್ಲಿದೆಯೋ ಸಮಾಧಾನದಲ್ಲಿದೆಯೋ ಎಂಬುದು ಮುಖ ನೋಡಿದರೆ ತಿಳಿಯುತ್ತದೆ. ಎದುರಿಗೆ ನಿಂತು ನಮಸ್ಕಾರ ಎಂದ ಮನುಷ್ಯ ಮಾತ್ರ ಕಾಣುವುದಿಲ್ಲ. ಒಮ್ಮೆ ಇಂಡಿ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಾನೇ ಅವರಿಗೆ ಕೈ ಮುಗಿದೆ. ಅವರು ಹತ್ತಿರ ಬಂದು, ನನ್ನ ಅಂಗಿಯ ಕಾಲರಿಗೆ ಮೂಗು ತಾಗುವ ಹಾಗೆ ಬಗ್ಗಿ, "ಅಲಗಾಡಬ್ಯಾಡ್ರಿ, ಜ್ಯಾಡ ಕುಂತೈತಿ" ಎಂದರು. ನಾನು ಕೈ ಮುಗಿದವನು ಮುಗಿದ ಹಾಗೆಯೇ ನಿಂತೆ. ಇಳಿದವರು, ಹತ್ತಿದವರು ಎಲ್ಲರೂ ನಮ್ಮನ್ನು ನೋಡಿಕೊಂಡು ಹೋದರು. ಜೇಡ ತನ್ನ ಮನಸ್ಸಿಗೆ ಬಂದಾಗ ಜಿಗಿದು ಹೋಯಿತು. ಆಮೇಲೆ ಷಡ್ಡಕರು ತಲೆ ಎತ್ತಿ, "ಅರೇ ತಮ್ಮಾ, ನೀ ಯಾವಾಗ ಬಂದಿ?" ಎಂದರು.

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಇಂಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ನಾನು ಸಿಂದಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಐದನೆಯ ಇಯತ್ತೆಗೇ ಶಾಲೆ ಬಿಟ್ಟೆ, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾನು ಬೆಸೆದ ಗೇಟು ಜೋಲು ಬಿತ್ತು, ಕಿಟಕಿ ಸಡಿಲಾಯಿತು ಎಂದು ಇವತ್ತಿನವರೆಗೆ ಯಾರೂ ಅಂಗಡಿಗೆ ಮರಳಿ ಬಂದಿಲ್ಲ. ಈ ಮಾತನ್ನು ಮೊದಲಿಗೇ ಹೇಳಿಡುತ್ತೇನೆ. ಯಾಕೆಂದರೆ ಮುಂದೆ ನನ್ನ ಮಾನ ಹೋಗುವ ಪ್ರಸಂಗವೊಂದು ಬರುವುದಿದೆ.

ಹೆಂಡತಿಯ ಅಕ್ಕ ತೀರಿಕೊಂಡ ಮೇಲೆ ಷಡ್ಡಕರು ಒಬ್ಬರೇ ಆದರು. ಅವರಿಗೆ ಮಕ್ಕಳಿಲ್ಲ. ಸ್ಟುಡಿಯೋದ ಹಿಂದಿನ ಒಂದು ಕೋಣೆಯೇ ಮನೆ. ಈಗ ಆ ಕಟ್ಟಡದ ಮಾಲೀಕರು ಅದನ್ನು ಕೆಡವಿ ಸಾಲು ಮಳಿಗೆ ಕಟ್ಟಿಸುತ್ತೇವೆ, ಖಾಲಿ ಮಾಡಿ ಎಂದು ಹೇಳಿದ್ದರು. ನನ್ನ ಹೆಂಡತಿ ಅಂದಿನಿಂದ ಒಂದೇ ಪಟ್ಟು ಹಿಡಿದಳು: "ಮಾಮಾರನ್ನ ನಮ್ಮ ಮನಿಗೆ ಕರಕೊಂಡ ಬರ್ರಿ. ಅಕ್ಕ ಇಲ್ಲ ಅಂತ ಅವ್ರು ಬ್ಯಾರೆದವ್ರು ಆದ್ರೇನು?" ನಾನು ಫೋನ್ ಮಾಡಿದಾಗಲೆಲ್ಲ ಅವರು, "ಬರ್ತೇನಿ ತಗೋ, ಅದರಾಗೇನೈತಿ" ಎನ್ನುತ್ತಿದ್ದರು. ಆದರೆ ಬರುತ್ತಿರಲಿಲ್ಲ. ಅವರನ್ನು ಇಂಡಿಯಿಂದ ಸಿಂದಗಿಗೆ ತಂದದ್ದು ಹೇಗೆ ಎಂಬುದೇ ಈ ಕಥೆ. ಆದರೆ ಅದಕ್ಕೂ ಮೊದಲು ಅವರ ಲೆನ್ಸು ಉಲ್ಟಾ ಆದದ್ದನ್ನು ಹೇಳಬೇಕು.

ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, ತೀರಿಕೊಂಡ ಸ್ವಲ್ಪ ದಿನಕ್ಕೆ ಷಡ್ಡಕರು ನನ್ನ ಅಂಗಡಿಗೆ ಬಂದರು. ಕೈಯಲ್ಲಿ ರೀಲು ಕ್ಯಾಮೆರಾದ ಕಾಲದ ಒಂದು ಹಳೆಯ ಲೆನ್ಸು. ಅದನ್ನು ಈಗಿನ ಕ್ಯಾಮೆರಾಕ್ಕೆ ತಿರುವಿ ಕೂಡಿಸಬೇಕಂತೆ.

"ತಿರುವಿ ಅಂದ್ರ?"

"ಹೊರಗಿನ ಮಾರಿ ಒಳಗ, ಒಳಗಿನ ಮಾರಿ ಹೊರಗ."

"ಅಂಗಿ ತಿರುವಿ ಹಾಕ್ಕೊಂಡಂಗ?"

"ಹಂಗ ತಿಳಿ. ಹಂಗ ಹಚ್ಚಿದ್ರ ಸಣ್ಣದೆಲ್ಲ ದೊಡ್ಡದಾಗಿ ಕಾಣತೈತಿ. ಅದಕ್ಕಂತ ಬ್ಯಾರೇ ಲೆನ್ಸ್ ಬರತಾವು. ಅವನ್ನ ತಗೊಳ್ಳೋದಕ್ಕಿಂತ ಒಂದು ಎಮ್ಮಿ ತಗೊಳ್ಳೋದು ಚಲೋ. ಎಮ್ಮಿ ಹಾಲರೆ ಕೊಡತೈತಿ."

ಜೀವನದಲ್ಲಿ ಮೊದಲ ಸಲ ಬೆಂಕಿ ಇಲ್ಲದೆ ಬೆಸುಗೆ ಮಾಡಿದೆ. ಕ್ಯಾಮೆರಾದ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ ಕೊಟ್ಟರು, ಅದರ ನಡುವೆ ದುಂಡಗೆ ಕೊರೆದೆ. ಗಾಜು ಒಡೆದುಹೋಗಿದ್ದ ಹಳೆಯ ಫಿಲ್ಟರಿನ ಬಳೆ ಕೊಟ್ಟರು, ಅದನ್ನು ಅಂಟು ಕಲಸಿ ಮುಚ್ಚಳಕ್ಕೆ ಕೂಡಿಸಿದೆ. ಲೆನ್ಸಿನ ಮುಂದಿನ ತಿರುಪು ಆ ಬಳೆಗೆ ಸರಿಯಾಗಿ ಕಚ್ಚಿತು. ಎಲ್ಲ ಮನೆಯಲ್ಲಿದ್ದ ಸಾಮಾನೇ. ಷಡ್ಡಕರು ಕ್ಯಾಮೆರಾ ಕಣ್ಣಿಗೆ ಹಿಡಿದು, ನಾನು ಆಗಷ್ಟೇ ಮಾಡಿ ನಿಲ್ಲಿಸಿದ್ದ ಗೇಟಿನ ಹತ್ತಿರ ಹೋದರು. ಬಸವನ ಬಾಗೇವಾಡಿಯ ಒಬ್ಬ ದೊಡ್ಡ ಕುಳ ಹೇಳಿ ಮಾಡಿಸಿದ್ದ ಗೇಟು ಅದು. ಒಂದು ಫೋಟೋ ಹೊಡೆದು, ಹಿಂದಿನ ಪರದೆಯಲ್ಲಿ ನನಗೆ ತೋರಿಸಿದರು. ನೋಡಿದರೆ ಬಿರುಕು ಬಿಟ್ಟ ನೆಲ, ಗುಂಡಿಗಳು, ಕರಕಲು ಕಲ್ಲು.

"ಇದ್ಯಾವ ಹಾಳುಬಿದ್ದ ಕೆರಿ ಅಣ್ಣಾರ?"

"ನಿನ್ನ ಬೆಸಿಗಿ ತಮ್ಮಾ."

ಇದೇ ನಾನು ಹೇಳಿದ ಪ್ರಸಂಗ. ಷಡ್ಡಕರು ಹೋದ ಮೇಲೆ ನಾನು ಬಾಗಿಲು ಮುಂದೆ ಮಾಡಿಕೊಂಡು ಆ ಗೇಟನ್ನು ಮತ್ತೆ ಉಜ್ಜಿ, ಮತ್ತೆ ಬೆಸೆದೆ. ಮನುಷ್ಯನ ಕಣ್ಣಿಗೆ ಕಾಣದ ಸೂಜಿತೂತಿಗೆ ಒಂದಿಡೀ ಮಧ್ಯಾಹ್ನ ಹಾಕಿದೆ. ಸ್ವಲ್ಪ ದಿನ ಅವರ ಫೋನನ್ನೂ ಎತ್ತಲಿಲ್ಲ. ಆ ಸಿಟ್ಟು ಅವರ ಗಮನಕ್ಕೇ ಬಂದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮನುಷ್ಯರೇ ಕಾಣದವರಿಗೆ ಮನುಷ್ಯರ ಸಿಟ್ಟು ಎಲ್ಲಿ ಕಾಣಬೇಕು?

ಈ ಉಲ್ಟಾ ಲೆನ್ಸಿನ ಗುಣ ವಿಚಿತ್ರ. ಅದಕ್ಕೆ ಎರಡು ಬೆರಳಿನಷ್ಟು ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ಒಂದು ಗೇಣು ದೂರವಾದರೂ ಎಲ್ಲ ಮಂಜು. ಇಲ್ಲಿ ತಿರುವಿ, ಅಲ್ಲಿ ಒತ್ತಿ ಸರಿಮಾಡುವುದೆಲ್ಲ ನಡೆಯುವುದಿಲ್ಲ. ಮೈಯನ್ನೇ ಹಿಂದೆ ಮುಂದೆ ತೂಗಿ, ಸ್ಪಷ್ಟವಾದ ಗಳಿಗೆಗೆ ಉಸಿರು ಹಿಡಿದು ಒತ್ತಬೇಕು. ಉಸಿರು ಬಿಟ್ಟರೆ ಹುಳುವೂ ಹೋಯಿತು, ಫೋಟೋವೂ ಹೋಯಿತು. ಬೆಳಕಿಗೆ ಷಡ್ಡಕರು ಫ್ಲ್ಯಾಶಿನ ಮೇಲೆ ಮೊಸರಿನ ಬಿಳಿ ಡಬ್ಬಿಯನ್ನು ಕತ್ತರಿಸಿ ಕೂಡಿಸಿಕೊಂಡರು. ಆ ಡಬ್ಬಿಗೆ ಮೊದಮೊದಲು ಹುಳಗಳಿಗಿಂತ ಬೆಕ್ಕುಗಳೇ ಹೆಚ್ಚು ಬರುತ್ತಿದ್ದವು.

ಲಚ್ಯಾಣದ ಕಡೆ ಒಂದು ನಿಂಬೆ ತೋಟಕ್ಕೆ ಅವರು ಹೋಗುತ್ತಿದ್ದರು. ಒಂದು ಉರಿಬಿಸಿಲಿನ ದಿನ ಗಿಡದ ಬುಡದಲ್ಲಿ ಬೋರಲು ಮಲಗಿ, ಎಲೆಯ ಕೆಳಗಿನ ಗುಲಗಂಜಿ ಹುಳಕ್ಕೆ ಲೆನ್ಸು ಹಿಡಿದಿದ್ದರು. ಕಾಯಿ ಹರಿಯಲು ಬಂದ ಹೆಂಗಸರು ದೂರದಿಂದ ನೋಡಿದರೆ ಏನು? ಎರಡು ಕಾಲು, ಒಂದು ಬೆನ್ನು, ಉಸಿರಾಟವಿಲ್ಲ. ಒಬ್ಬಾಕೆ ಬಾಯಿ ಬಡಿದುಕೊಂಡಳು. ಇನ್ನೊಬ್ಬಾಕೆ ಧೈರ್ಯವಂತಳು, ಬಿಂದಿಗೆ ನೀರು ತಂದು ತಲೆಯ ಮೇಲೆ ಸುರಿದಳು. ಷಡ್ಡಕರು ಎದ್ದು ಕುಳಿತು, "ಯಾಕವ್ವಾ, ಹಾರಿಸಿಬಿಟ್ಟಿ?" ಎಂದರು.

"ಏನ್ ಹಾರಿಸಿದ್ನಿ? ನಿಮ್ಮ ಜೀವ ಹಾರಿತ್ತಂತ ನೀರ ಹಾಕೀನಿ. ಸತ್ತಿಲ್ಲೇನ್ರಿ ನೀವು?"

"ಇಲ್ಲವ್ವಾ. ಉಸರ ಹಿಡದಿದ್ನಿ."

"ಯಾರ್ ಸಲುವಾಗಿ?"

ಇದನ್ನೆಲ್ಲ ಷಡ್ಡಕರೇ ಆಮೇಲೆ ನನಗೆ ನಗುತ್ತ ಹೇಳಿದರು. ನಾನೂ ನಕ್ಕೆ.

ಇನ್ನು ಮುದ್ದೇಬಿಹಾಳದ ಮದುವೆ. ಫೋನು ಬಂದ ಮೇಲೆ ಎಲ್ಲರೂ ಫೋಟೋಗ್ರಾಫರುಗಳೇ ಆಗಿ ಷಡ್ಡಕರಿಗೆ ಕೆಲಸ ಕಡಿಮೆಯಾಗಿತ್ತು. ಹಳೆಯ ಪರಿಚಯದ ಒಬ್ಬರು ಮಾತ್ರ ಮಗಳ ಮದುವೆಗೆ ಇವರೇ ಬೇಕು ಎಂದು ಕರೆಸಿದರು. ಇವರು ಎರಡು ಬಸ್ಸು ಬದಲಿಸಿ, ಚೀಲ ಹೊತ್ತು ಹೋದರು. ಮಂಟಪದಲ್ಲಿ ಚೀಲ ತೆರೆದರೆ ಸರಿಯಾದ ಲೆನ್ಸೇ ಇಲ್ಲ. ಅದರ ಜಾಗದಲ್ಲಿ ಮೊಸರಿನ ಡಬ್ಬಿ, ಒಂದು ಚಿಮಟಿಗೆ, ಬೆಂಕಿಪೊಟ್ಟಣದಲ್ಲಿ ಒಂದು ಜೀವಂತ ದುಂಬಿ. ಕ್ಯಾಮೆರಾದ ಮೇಲೆ ಉಲ್ಟಾ ಲೆನ್ಸು. ಅಕ್ಷತೆಯ ಹೊತ್ತು ಹತ್ತಿರ ಬಂದಿತ್ತು. ಬೇರೆಯವರಾಗಿದ್ದರೆ ತಲೆನೋವು ಎಂದು ಮಲಗುತ್ತಿದ್ದರು. ಇವರು ಮಂಟಪ ಹತ್ತಿದರು. ಮದುಮಗಳ ಮುಖಕ್ಕೆ ಎರಡು ಬೆರಳು ಹತ್ತಿರ ಹೋಗಿ ಹಿಂದೆ ಮುಂದೆ ತೂಗತೊಡಗಿದರು. ಮದುಮಗ ತನ್ನ ಕುರ್ಚಿಯನ್ನು ಮೆಲ್ಲಗೆ ನಡುವೆ ತಂದ.

ಫೋಟೋ ನೋಡಲು ಹುಡುಗಿಯ ಅಪ್ಪ ಇಂಡಿಗೇ ಬಂದರು. ಮೊದಲನೆಯದು ರೆಪ್ಪೆಯ ಮೇಲೆ ಸಿಕ್ಕ ಒಂದು ಅಕ್ಕಿಕಾಳು. ಎರಡನೆಯದು ಬಾಸಿಂಗದ ಒಂದು ಮಣಿ. ಮೂರನೆಯದು ಅರಿಷಿಣ ಹತ್ತಿದ ಉಗುರಿನ ಅಂಚು.

"ನಮ್ಮ ಹುಡುಗಿ ಮಾರಿ ಎಲ್ಲೈತ್ರಿ?"

"ಇದರಾಗ ಐತಲ್ರಿ. ಇಂಥಾವು ಎಂಟು ಕೂಡಿಸಿದ್ರ ಒಂದು ಹುಬ್ಬು ಆಗತೈತಿ."

"ಅಳಿಯಾರು?"

"ಅವ್ರು ಅಲಗಾಡಿಬಿಟ್ರಿ."

ಆಮೇಲೆ ಮದುವೆಗೆ ಕರೆಯುವವರು ಯಾರೂ ಉಳಿಯಲಿಲ್ಲ. ಸ್ಟುಡಿಯೋದಲ್ಲಿ ಜಲಪಾತದ ಚಿತ್ರವಿದ್ದ ಪರದೆಯ ಮುಂದೆ ಒಂದು ದುಂಡನೆಯ ಸ್ಟೂಲು ಇತ್ತು. ಒಂದು ಕಾಲಕ್ಕೆ ಇಂಡಿಯ ಹೊಸ ಜೋಡಿಗಳೆಲ್ಲ ಅದರ ಮೇಲೆ ಕುಳಿತವೇ. ನಾನು ಒಂದು ದಿನ ಹೇಳದೆ ಹೋದಾಗ ಒಳಗಿನಿಂದ ಷಡ್ಡಕರ ಮಾತು ಕೇಳುತ್ತಿತ್ತು: "ಗದ್ದ ಸ್ವಲ್ಪ ಮ್ಯಾಲೆ ಮಾಡ್ರಿ. ಹಾಂ. ಈ ಕಡೆ ನೋಡ್ರಿ. ಮಾರಿ ಯಾಕ ಗಂಟ ಹಾಕೀರಿ?" ಗಿರಾಕಿ ಬಂದಿದ್ದಾರೆ ಎಂದು ಖುಷಿಯಾಗಿ ಹೊರಗೇ ನಿಂತೆ. ಎಷ್ಟು ಹೊತ್ತಾದರೂ ಯಾರೂ ಹೊರಗೆ ಬರಲಿಲ್ಲ. ಇಣುಕಿದರೆ ಸ್ಟೂಲಿನ ಮೇಲೆ ಒಂದು ಬೆಲ್ಲದ ಚೂರು, ಅದರ ಮೇಲೆ ಒಂದು ನೊಣ. ಇದನ್ನು ಮನೆಗೆ ಬಂದು ನಗಿಸಲೆಂದೇ ಹೇಳಿದೆ. ಹೆಂಡತಿ ನಗಲಿಲ್ಲ. "ನಾಳೆನ ಹೋಗ್ರಿ. ಕರಕೊಂಡ ಬರದನ ನೀವೂ ಮನಿಗೆ ಬರಬ್ಯಾಡ್ರಿ" ಎಂದಳು.

ಮೋಟಾರ್ ಸೈಕಲ್ ತೆಗೆದುಕೊಂಡು ಹೋದೆ. ಷಡ್ಡಕರು ಊಟಕ್ಕೆ ಕುಳಿತಿದ್ದರು. ತಾಟಿನಲ್ಲಿ ಒಣ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ತಾಟಿನ ಹೊರಗೆ ಒಂದು ರೊಟ್ಟಿಯ ತುಣುಕು, ಅದು ಇರುವೆಗಳ ಪಾಲು. ಅರ್ಧ ಕಟ್ಟಡ ಆಗಲೇ ಕೆಡವಿಯಾಗಿತ್ತು. ಪಕ್ಕದ ಮಳಿಗೆಗಳ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಕೆಲಸದವರು ಈ ಒಂದು ಕೋಣೆಗಾಗಿ ಗುದ್ದಲಿ ಊರಿ ಕುಳಿತಿದ್ದರು.

"ಅಣ್ಣಾರ, ಇನ್ನೇನೈತ್ರಿ ಇಲ್ಲಿ? ನಡೀರಿ."

"ಬರ್ತೇನಿ. ಇನ್ನೊಂದು ಸ್ವಲ್ಪ ದಿನ ತಡಿ."

"ಯಾಕ್ ತಡೀಬೇಕು?"

"ಬಾಯಿ ಮುಚ್ಚೇತಿ. ಒಳಗ ಐತಿ. ಅದು ಹೊರಗ ಬಂದ ಮ್ಯಾಲ ಬರ್ತೇನಿ."

ಇವರ ತಲೆ ಪೂರ್ತಿ ಕೆಟ್ಟಿತು ಎಂದುಕೊಂಡೆ. ಅವರು ಕೈ ತೊಳೆದು ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದರು. ಆ ಕಿಟಕಿಯ ಸರಳುಗಳನ್ನು ನನ್ನ ಮದುವೆಯಾದ ಹೊಸದರಲ್ಲಿ ನಾನೇ ಬೆಸೆದು ಕೊಟ್ಟದ್ದು. ನಡುವಿನ ಸರಳಿನ ಮೇಲೆ ಕುಂಬಾರ ಹುಳ ಒಂದು ಗೂಡು ಕಟ್ಟಿತ್ತು. ಅಡಿಕೆಯಷ್ಟು ದುಂಡನೆಯ ಮಣ್ಣಿನ ಗಡಿಗೆ, ಒಳಗೆ ಮೊಟ್ಟೆಯಿಟ್ಟು ಬಾಯಿ ಮುಚ್ಚಿತ್ತು.

ಆಗ ನನಗೆ ನೆನಪಾಯಿತು. ನಮ್ಮ ಕಡೆ ಹೆಂಗಸರಲ್ಲಿ ಒಂದು ನಂಬಿಕೆ ಇದೆ. ಮನೆಯೊಳಗೆ ಕುಂಬಾರ ಹುಳ ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ತೂಗುತ್ತದೆ. ಗೂಡು ಉದ್ದಗಿದ್ದರೆ ಗಂಡು, ದುಂಡಗಿದ್ದರೆ ಹೆಣ್ಣು. ಅತ್ತಿಗೆ ಒಂದು ಗೂಡನ್ನೂ ಕೆಡವಗೊಟ್ಟವರಲ್ಲ. ದೀಪಾವಳಿಗೆ ಸುಣ್ಣ ಬಳಿಯುವಾಗ ಗೂಡುಗಳ ಸುತ್ತ ಕುಂಚ ತಿರುಗಿಸಿ ಬಿಡುತ್ತಿದ್ದರು. ಬಿಳಿ ಗೋಡೆಯ ಮೇಲೆ ಹಳೆಯ ಬಣ್ಣದ ದುಂಡು ದುಂಡು ಕಲೆಗಳು. ನಾವೆಲ್ಲ ನಗುತ್ತಿದ್ದೆವು. ಷಡ್ಡಕರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ವಯಸ್ಸು ದಾಟಿದ ಮೇಲೂ ಅತ್ತಿಗೆ ಗೂಡು ಕಂಡರೆ ಬಗ್ಗಿ ನೋಡುವುದನ್ನು ಬಿಡಲಿಲ್ಲ.

"ಆಕಿ ಇದರಾಗ ಏನ್ ನೋಡತಿದ್ಲು ಅಂತ ನನಗ ಒಮ್ಮೆನೂ ಕಾಣಲಿಲ್ಲ ತಮ್ಮಾ" ಎಂದರು ಷಡ್ಡಕರು. "ಬರಿ ಮಣ್ಣ ಕಾಣತಿತ್ತು. ಅದಕ್ಕ ಲೆನ್ಸ್ ತಿರುವಿದ್ನಿ. ಉಳಿದ ಹುಳದ ಫೋಟೋ ಎಲ್ಲಾ ಕೈ ಕುಂದ್ರಲಿ, ರೂಢಿ ಆಗಲಿ ಅಂತ."

ಕ್ಯಾಮೆರಾ ನನ್ನ ಕೈಗೆ ಕೊಟ್ಟರು. ಎರಡು ಬೆರಳು ಹತ್ತಿರ ಹೋಗಿ, ಮೈ ತೂಗಿ, ಉಸಿರು ಹಿಡಿದೆ. ಮಂಜು ಸರಿದು ಗೂಡು ಕಣ್ಣ ತುಂಬ ಬಂತು. ಸಾಸಿವೆಗಿಂತ ಸಣ್ಣ ಸಣ್ಣ ಮಣ್ಣಿನ ಉಂಡೆ, ಒಂದರ ಪಕ್ಕ ಒಂದು, ಸಾಲಿನ ಮೇಲೆ ಸಾಲು. ಒಂದೊಂದನ್ನೂ ಬಾಯಿಂದ ಒತ್ತಿದ ಗುರುತು. ಬೆಸುಗೆಯವನ ಕಣ್ಣಿನಿಂದ ಜೋಡಣೆಯ ಮೇಲೆಲ್ಲ ಹುಡುಕಿದೆ. ಒಂದೇ ಒಂದು ಸೂಜಿತೂತು ಸಿಗಲಿಲ್ಲ. ಅದರ ಕೆಳಗೇ ನನ್ನ ಬೆಸುಗೆ ಕಾಣುತ್ತಿತ್ತು, ಹಾಳುಬಿದ್ದ ಕೆರೆಯ ಹಾಗೆ. ಈ ಹುಳ ಸಿಂದಗಿಯಲ್ಲಿ ಅಂಗಡಿ ಇಡಲಿಲ್ಲವಲ್ಲ, ನಾನು ಬದುಕಿದೆ.

ಇಂಥ ಕೆಲಸವನ್ನು ಗುದ್ದಲಿಗೆ ಬಿಟ್ಟು ಬರಲು ನನಗೂ ಮನಸ್ಸಾಗಲಿಲ್ಲ. "ಸರಳ ಸಮೇತ ಒಯ್ಯೂಣು ನಡೀರಿ" ಎಂದೆ.

ಮಾಲೀಕರಿಗೆ ಫೋನ್ ಮಾಡಿ ಕೇಳಿದೆ. "ಕಟ್ಟಡನ ಕೆಡವಾಕತ್ತೇವಿ, ಸರಳೇನ್ ಕೇಳತೀರಿ?" ಎಂದರು. ಗ್ರೈಂಡರ್ ಹಚ್ಚಿದರೆ ಸರಳು ನಡುಗುತ್ತದೆ, ಕಾಯುತ್ತದೆ. ಹಾಗಾಗಿ ಕೈಗರಗಸ ಹಿಡಿದು, ಬಟ್ಟೆ ಒದ್ದೆ ಮಾಡಿ ಸುತ್ತಿ, ಒಂದೊಂದು ಎಳೆತಕ್ಕೂ ನಿಂತು ನಿಂತು ಕೊಯ್ದೆ. ಷಡ್ಡಕರು ಎರಡೂ ಕೈಯಿಂದ ಸರಳನ್ನು ಹಿಡಿದುಕೊಂಡಿದ್ದರು. ಗುದ್ದಲಿಯವರು ಸುತ್ತ ನಿಂತರು.

"ಏನ್ರಿ ಇದು, ಬಂಗಾರದ ಸರಳೇನ್ರಿ?" ಎಂದ ಒಬ್ಬ.

"ಸುಮ್ನಿರಪಾ, ಹೆರಿಗಿ ನಡದೈತಿ" ಎಂದೆ.

ಅವರು ನಕ್ಕರು. ಷಡ್ಡಕರು ನಗಲಿಲ್ಲ.

ಬರುವಾಗ ಅವರು ನನ್ನ ಹಿಂದೆ ಕುಳಿತು ಸರಳನ್ನು ದೀಪಸ್ತಂಭದ ಹಾಗೆ ನೆಟ್ಟಗೆ ಹಿಡಿದಿದ್ದರು. ರಸ್ತೆಯ ಒಂದೊಂದು ಉಬ್ಬಿಗೂ ನನ್ನ ಬೆನ್ನಿಗೆ ತಿವಿದು, "ನಿಧಾನ ಹೊಡಿ ತಮ್ಮಾ. ಬಸರ ಹೆಂಗಸ ಕುಂತಾಳ ಅಂತ ತಿಳಿ" ಎನ್ನುತ್ತಿದ್ದರು. ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಗಾಡಿಯವನು ತಿರುತಿರುಗಿ ನೋಡಿದ. ನನ್ನ ಮೋಟಾರ್ ಸೈಕಲ್ಲಿಗೆ ಅಂಥ ಅವಮಾನ ಹಿಂದೆಂದೂ ಆಗಿರಲಿಲ್ಲ.

ಮನೆಯಲ್ಲಿ ನಡುಮನೆಯ ಕಿಟಕಿಗೆ ಆ ಸರಳನ್ನು ತಂತಿಯಿಂದ ಬಿಗಿದೆ. ಬೆಸೆಯಲಿಲ್ಲ, ಶಾಖ ತಾಗಬಾರದಲ್ಲ. ನಾನು ಮಾಡಿದ ಕಿಟಕಿಗೆ ತಂತಿ ಸುತ್ತಿದ್ದನ್ನು ನೋಡಿ ಓಣಿಯವರು ಏನೆಂದರೋ, ನಾನು ಕೇಳಲು ಹೋಗಲಿಲ್ಲ. ಷಡ್ಡಕರು ಅದರ ಮುಂದೆ ಕುಳಿತುಬಿಟ್ಟರು. ಚಹಾ ಅಲ್ಲಿಗೇ, ಊಟ ಅಲ್ಲಿಗೇ. ನಮ್ಮೊಡನೆ ಮಾತು ಕಡಿಮೆಯೇ. ಮನೆ ತುಂಬ ಜನವಿದ್ದರೂ ಆ ಮನುಷ್ಯ ಒಬ್ಬರೇ ಕುಳಿತ ಹಾಗೆ ಕಾಣುತ್ತಿದ್ದರು. ಹೆಂಡತಿ ಒಂದು ಸಂಜೆ ನನ್ನ ಹತ್ತಿರ ಬಂದು, "ಒಳಗಿಂದು ಸತ್ತಿದ್ರ ಏನ್ರಿ ಮಾಡೋದು? ಮಾಮಾ ಮತ್ತ ಎದ್ದು ಹೋಗಿಬಿಡ್ತಾರ" ಎಂದಳು. ಕಬ್ಬಿಣವಾಗಿದ್ದರೆ ತಟ್ಟಿ ನೋಡಿ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಟು ಕಾಲಿಗೆ ಚಪ್ಪಲಿ ಮೆಟ್ಟುತ್ತಿದ್ದೆ. "ತಮ್ಮಾ" ಎಂದರು ಷಡ್ಡಕರು, ಅಷ್ಟು ಮೆಲ್ಲಗೆ. ಓಡಿ ಹೋದೆ. ಗೂಡಿನ ಹೊಟ್ಟೆಯಲ್ಲಿ ಒಂದು ತೇವದ ಚುಕ್ಕೆ ಮೂಡಿತ್ತು. ಅದು ತೂತಾಯಿತು. ಒಳಗಿನಿಂದ ಯಾರೋ ಗೋಡೆ ಕಡಿಯುತ್ತಿದ್ದರು. ಷಡ್ಡಕರು ಕ್ಯಾಮೆರಾ ಹಿಡಿದು ಎರಡು ಬೆರಳು ಹತ್ತಿರ ಹೋದರು, ಉಸಿರು ಹಿಡಿದರು. ನಾನೂ ಹಿಡಿದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು, ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ಹಿಂದೆ ನಿಂತಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಯಾರೂ ಅಲುಗಾಡಲಿಲ್ಲ.

ಮೊದಲು ಎರಡು ಮೀಸೆ ಬಂದವು, ಆಮೇಲೆ ಮುಖ. ಅದು ಹೊರಗೆ ಬಂದು, ಸರಳಿನ ಮೇಲೆ ನಿಂತು, ಕೈಯಿಂದ ಕಣ್ಣು ಒರೆಸಿಕೊಂಡಿತು. ರೆಕ್ಕೆ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿತು. ಕಿಟಕಿಯ ಹೊರಗೆ ಹೋಯಿತು.

ಕ್ಯಾಮೆರಾ ಸಪ್ಪಳ ಮಾಡಿರಲಿಲ್ಲ. ಷಡ್ಡಕರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

"ಫೋಟೋ ಹೊಡೀಲಿಲ್ಲೇನ್ರಿ ಅಣ್ಣಾರ?"

"ಉಸರ ನಿಲ್ಲಲಿಲ್ಲ ತಮ್ಮಾ" ಎಂದರು. ಅವರ ಭುಜ ಅಲುಗುತ್ತಿತ್ತು.

ಹೆಂಡತಿ ಒಳಗೆ ಹೋದಳು. ಸೀದ ರೊಟ್ಟಿ ತೆಗೆಯಲು ಹೋದಳೆಂದು ತಿಳಿದೆ. ಅವಳು ಸಕ್ಕರೆ ಡಬ್ಬಿ ತಂದಳು. ಮಗು ಹುಟ್ಟಿದ ಮನೆಯಲ್ಲಿ ಹಂಚುವ ಹಾಗೆ ನನ್ನ ಅಂಗೈಯಲ್ಲಿ ಒಂದು ಚಿಟಿಕೆ ಹಾಕಿದಳು. ಷಡ್ಡಕರ ಮುಂದೆ ಕುಳಿತು, ಅವರ ಕೈ ಬಿಡಿಸಿ, ಅದರಲ್ಲೊಂದು ಚಿಟಿಕೆ ಹಾಕಿದಳು. ಅಂಥ ಮನೆಯಲ್ಲಿ ಕೇಳುವ ಮಾತನ್ನೇ ಕೇಳಿದಳು.

"ಏನ್ ಹುಟ್ಟೈತ್ರಿ ಮಾಮಾ?"

ಷಡ್ಡಕರು ತಲೆ ಎತ್ತಿ, ಒಂದು ಮೊಳ ದೂರದಲ್ಲಿದ್ದ ಅವಳ ಮುಖವನ್ನು ನೋಡಿದರು.

"ಗೂಡು ದುಂಡಗಿತ್ತಲ್ಲವ್ವಾ" ಎಂದರು. "ಹೆಣ್ಣು."

ಆಮೇಲೆ ಇನ್ನೊಂದು ಕೈಯನ್ನೂ ಚಾಚಿದರು. "ನಿಮ್ಮಕ್ಕನ ಪಾಲಿಂದೂ ಹಾಕು."